‘ವೃತ್ತಿ: ವಕೀಲರು’ ಎಂದು ಬರೆದ ಅಭ್ಯರ್ಥಿಯನ್ನು ಜಾಲಾಡಲು ಇರುವ ಸೇವೆಗಳು: ಯಾವುದು ಎಷ್ಟು ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ

ನಗರ ರಾಜಕಾರಣದಲ್ಲಿ ವಕೀಲರಿಗೆ ಬರವಿಲ್ಲ. ಖಾತೆ ತಕರಾರು, ಒತ್ತುವರಿ ತೆರವಿಗೆ ತಡೆಯಾಜ್ಞೆ, ಠಾಣೆಯಲ್ಲಿ ಜಾಮೀನು ಇವೆಲ್ಲ ಗೊತ್ತಿರುವವರ ಹಿಂದೆ ವಾರ್ಡಿನ ಜನ ತಾವಾಗಿಯೇ ಸೇರುತ್ತಾರೆ. ನಾಲ್ಕು ವರ್ಷ ಹಾಗೆ ಓಡಾಡಿದವರು ಐದನೇ ವರ್ಷ ಟಿಕೆಟ್ ಕೇಳುತ್ತಾರೆ. ಕರಪತ್ರದಲ್ಲಿ ಹೆಸರಿನ ಮುಂದೆ ಬಿ.ಎ., ಎಲ್‌ಎಲ್‌.ಬಿ. ಅಂತ ಬರುತ್ತದೆ. ಆ ಡಿಗ್ರಿಯ ಹಿಂದೆ ನಿಜವಾದ ವಕೀಲಿಕೆ ಎಷ್ಟಿತ್ತು, ಗೆದ್ದ ಮೇಲೆ ಕೆಲಸ ಎಷ್ಟಾಯಿತು, ಕೋರ್ಟಿನಲ್ಲಿ ಅವರು ನಿಂತಿದ್ದು ವಕೀಲರಾಗಿಯೋ ಆರೋಪಿಯಾಗಿಯೋ ಎಂಬುದನ್ನು ಕರಪತ್ರ ಹೇಳುವುದಿಲ್ಲ.

ಇದನ್ನು ಮನೆಯಲ್ಲೇ ಕೂತು ನೋಡಲು ಪುಕ್ಕಟೆ ಸೇವೆಗಳಿವೆ: ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್ ಮತ್ತು ಅದರ ‘ನೋ ಯುವರ್ ಕ್ಯಾಂಡಿಡೇಟ್’ ಆ್ಯಪ್, ಚುನಾವಣಾ ಸುಧಾರಣೆಗಾಗಿ ದುಡಿಯುವ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಸಂಸ್ಥೆಯ ಮೈನೇತಾ ತಾಣ, ಕೋರ್ಟುಗಳ ಕೇಸು ವಿವರ ಸಿಗುವ ಇ-ಕೋರ್ಟ್ಸ್, ಕೊನೆಗೆ ವಕೀಲರ ಪರಿಷತ್ತಿನ ನೋಂದಣಿ. ತೀರ್ಪು ಮೊದಲೇ ಹೇಳಿಬಿಡುವುದಾದರೆ, ಆಸ್ತಿ ಮತ್ತು ಕೇಸುಗಳ ಮಟ್ಟಿಗೆ ಇವು ದೇಶದ ಅತ್ಯುತ್ತಮ ಸಾರ್ವಜನಿಕ ಸೇವೆಗಳ ಸಾಲಿಗೆ ಸೇರುತ್ತವೆ. ವೃತ್ತಿಜೀವನದ ವಿಷಯಕ್ಕೆ ಬಂದರೆ ಬಿಡಿಬಿಡಿಯಾಗಿ ಒಂದೂ ಸಾಲದು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ಓದಿದರಷ್ಟೇ ಏನಾದರೂ ಕಾಣುತ್ತದೆ.

ಅಫಿಡವಿಟ್ ಪೋರ್ಟಲ್

ಎಲ್ಲದರ ಮೂಲ ಇದೇ. 2002ರ ಮೇ 2ರಂದು ಎಡಿಆರ್ ಪ್ರಕರಣದಲ್ಲಿ, ಆಮೇಲೆ 2003ರ ಮಾರ್ಚ್ 13ರಂದು ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪುಗಳಿಂದ ಹುಟ್ಟಿದ್ದು ಈಗಿನ ಫಾರಂ 26, ಅಂದರೆ ಅಭ್ಯರ್ಥಿಯ ಅಫಿಡವಿಟ್ ನಮೂನೆ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಇದನ್ನು ಕೊಡಬೇಕು. ನೋಟರಿ, ಓತ್ ಕಮಿಷನರ್ ಅಥವಾ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿರಬೇಕು. ಯಾವ ಕಾಲಂ ಕೂಡ ಖಾಲಿ ಬಿಡುವಂತಿಲ್ಲ. ಹೇಳಲು ಏನೂ ಇಲ್ಲದಿದ್ದರೆ ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದಾದರೂ ಬರೆಯಬೇಕು. 2013ರ ರಿಸರ್ಜೆನ್ಸ್ ಇಂಡಿಯಾ ತೀರ್ಪಿನ ಬಳಿಕ ಇದು ಗಟ್ಟಿಯಾಯಿತು: ಖಾಲಿ ಬಿಟ್ಟರೆ ಚುನಾವಣಾಧಿಕಾರಿ ನೋಟಿಸ್ ಕೊಡುತ್ತಾರೆ, ಆಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕೃತವಾಗಬಹುದು.

ಪೋರ್ಟಲ್‌ನಲ್ಲಿ ಚುನಾವಣೆ, ರಾಜ್ಯ, ಕ್ಷೇತ್ರ ಆರಿಸಿಕೊಂಡರೆ ಅಭ್ಯರ್ಥಿಗಳ ಪಟ್ಟಿ ಬರುತ್ತದೆ. ಹೆಸರಿನ ಮೇಲೆ ಒತ್ತಿದರೆ ಸ್ಕ್ಯಾನ್ ಮಾಡಿದ ಕಡತ ಇಳಿಸಿಕೊಳ್ಳಬಹುದು. ಇಲ್ಲೇ ಮೊದಲ ಎಡವಟ್ಟು ಕಾದಿರುತ್ತದೆ. ಒಬ್ಬ ಅಭ್ಯರ್ಥಿ ನಾಲ್ಕು ನಾಮಪತ್ರದವರೆಗೆ ಸಲ್ಲಿಸಬಹುದು, ನೋಟಿಸ್ ಬಂದ ಮೇಲೆ ತಿದ್ದಿದ ಅಫಿಡವಿಟ್ ಬೇರೆ ಕೊಡಬಹುದು. ಹಾಗಾಗಿ ಒಂದೇ ಹೆಸರಿನ ಕೆಳಗೆ ಎರಡು ಮೂರು ಕಡತ ಇದ್ದರೆ ಮೇಲಿನದನ್ನು ಓದಿ ಮುಗಿಸಬೇಡಿ. ಪ್ರಮಾಣ ಮಾಡಿದ ದಿನಾಂಕ ನೋಡಿ ಕೊನೆಯದನ್ನು ಹಿಡಿಯಿರಿ, ಮೊದಲನೆಯದರ ಜೊತೆ ಹೋಲಿಸಿ. ಎರಡರ ನಡುವೆ ಏನು ಸೇರಿತು ಎಂಬುದೇ ಎಷ್ಟೋ ಸಲ ಇಡೀ ಕಡತಕ್ಕಿಂತ ಹೆಚ್ಚು ಹೇಳುತ್ತದೆ. ಅಭ್ಯರ್ಥಿಯ ಮಾತು ಸುಳ್ಳು ಎಂದು ಬೇರೆ ಯಾರಾದರೂ ಸಲ್ಲಿಸಿದ ಪ್ರತಿ-ಅಫಿಡವಿಟ್ ಇದ್ದರೆ ಅದನ್ನೂ ಹುಡುಕಿ. ಅದನ್ನು ತೆರೆದು ನೋಡುವವರು ಕಡಿಮೆ.

ವಕೀಲ ಹಿನ್ನೆಲೆಯವರ ಕಡತದಲ್ಲಿ ಮೊದಲಿನಿಂದ ಓದುವುದಕ್ಕಿಂತ ಹಿಂದಿನಿಂದ ಓದುವುದು ಲೇಸು. 10ನೇ ಅಂಶ ವಿದ್ಯಾರ್ಹತೆ: ಕಾಲೇಜು ಅಥವಾ ವಿಶ್ವವಿದ್ಯಾಲಯದ ಹೆಸರು, ಮುಗಿಸಿದ ವರ್ಷ. 9ನೇ ಅಂಶ ವೃತ್ತಿ: ತನ್ನದು, ಸಂಗಾತಿಯದು. ಅದರ ಬೆನ್ನಿಗೇ ಆದಾಯದ ಮೂಲ, ಆಮೇಲೆ ಸರ್ಕಾರದ ಜೊತೆಗಿನ ಗುತ್ತಿಗೆಗಳು. ಈ ಮೂರನ್ನೂ ಒಂದಕ್ಕೊಂದು ತಾಳೆ ಹಾಕಿ. ವೃತ್ತಿ ‘ವಕೀಲರು’ ಎಂದಿದ್ದು ಆದಾಯದ ಮೂಲದಲ್ಲಿ ‘ಬಾಡಿಗೆ, ಕೃಷಿ’ ಎಂದಷ್ಟೇ ಇದ್ದರೆ ಕಪ್ಪು ಕೋಟು ಬೀರುವಿನಲ್ಲಿದೆ ಎಂದರ್ಥ. ತಪ್ಪೇನಿಲ್ಲ, ಆದರೆ ಕರಪತ್ರದಲ್ಲಿ ಓದಿದ್ದು ಬೇರೆ.

ಆಮೇಲೆ ಮುಂದಿನ ಪುಟಗಳಿಗೆ ಬಂದು ಪ್ಯಾನ್ ಪಕ್ಕದ ಐದು ವರ್ಷಗಳ ಆದಾಯ ತೆರಿಗೆ ವಿವರ ನೋಡಿ. ಒಂದೇ ವರ್ಷದ್ದು ಇದ್ದದ್ದನ್ನು ಐದು ವರ್ಷಕ್ಕೆ ವಿಸ್ತರಿಸಿದ್ದು 2019ರ ತಿದ್ದುಪಡಿ. ಇಲ್ಲಿ ದುಡುಕಿ ತೀರ್ಮಾನಕ್ಕೆ ಬರುವವರೇ ಜಾಸ್ತಿ. ವಕೀಲರು ಆದಾಯ ತೆರಿಗೆ ಕಾಯ್ದೆಯ 44ಎಡಿಎ ಸೆಕ್ಷನ್ ಅಡಿ ರಿಟರ್ನ್ ಸಲ್ಲಿಸಿದರೆ ಒಟ್ಟು ಫೀಜಿನ ಅರ್ಧದಷ್ಟನ್ನೇ ಲಾಭವೆಂದು ತೋರಿಸಿದರೂ ಸಾಕು, ಲೆಕ್ಕಪುಸ್ತಕದ ಗೋಜಿಲ್ಲ. ಅಂದರೆ ಅಫಿಡವಿಟ್‌ನಲ್ಲಿ 9 ಲಕ್ಷ ಕಂಡರೆ ಬಂದ ಫೀಜು 18 ಲಕ್ಷವೂ ಇದ್ದೀತು. ಈ ಸವಲತ್ತಿನ ಮಿತಿ ಹಿಂದೆ ವರ್ಷಕ್ಕೆ 50 ಲಕ್ಷ ಇತ್ತು, ಈಗ ನಗದು ವ್ಯವಹಾರ ಶೇ. 5ರೊಳಗಿದ್ದರೆ 75 ಲಕ್ಷ. ಇನ್ನು ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಅದು ಒಟ್ಟು ಆದಾಯದ ಅಂಕಿಯೊಳಗೆ ಬರುವುದೇ ಇಲ್ಲ. ಆದಾಯ ಕಡಿಮೆ, ಆಸ್ತಿ ಜಾಸ್ತಿ ಎಂದು ಕೂಗುವ ಮೊದಲು ಇವೆರಡನ್ನು ನೆನಪಿಡಿ. ಇವೆರಡನ್ನೂ ಕಳೆದ ಮೇಲೂ ಅಂತರ ಉಳಿದರೆ, ಆಗ ಕೂಗಿ.

ಸ್ಥಿರಾಸ್ತಿಯ ಕೋಷ್ಟಕ ಸೊಗಸಾಗಿದೆ: ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡ ದಿನಾಂಕ, ಕೊಂಡ ಬೆಲೆ, ಮೇಲೆ ಹಾಕಿದ ಹಣ, ಈಗಿನ ಮಾರುಕಟ್ಟೆ ಮೌಲ್ಯ. ಕೊನೆಯ ಅಂಕಿಯನ್ನು ಮಾತ್ರ ನಂಬಿ ಕೂರಬೇಡಿ. ಒಬ್ಬರು ನೋಂದಣಿ ಇಲಾಖೆಯ ಮಾರ್ಗಸೂಚಿ ದರ ಹಾಕುತ್ತಾರೆ, ಇನ್ನೊಬ್ಬರು ಬ್ರೋಕರ್ ಹೇಳುವ ದರ ಹಾಕುತ್ತಾರೆ. ಅದೇ ವ್ಯಕ್ತಿ ಒಂದು ಚುನಾವಣೆಯಲ್ಲಿ ಮೊದಲನೆಯದನ್ನೂ ಮುಂದಿನದರಲ್ಲಿ ಎರಡನೆಯದನ್ನೂ ಹಾಕಿದರೆ ಒಂದು ಗುಂಟೆಯನ್ನೂ ಕೊಳ್ಳದೆ ಆಸ್ತಿ ಮೂರು ಪಟ್ಟಾಗಿ ಕಾಣುತ್ತದೆ. ನೋಡಬೇಕಾದದ್ದು ಸಾಲುಗಳ ಸಂಖ್ಯೆಯನ್ನು: ಹಿಂದಿನ ಅಫಿಡವಿಟ್‌ನಲ್ಲಿ ಇಲ್ಲದ ಯಾವ ಸರ್ವೆ ನಂಬರ್ ಈಗ ಬಂದಿದೆ, ಇದ್ದದ್ದು ಯಾವುದು ಹೋಗಿದೆ. ಕೃಷಿ ಜಮೀನಾದರೆ ಭೂಮಿ ತಾಣದಲ್ಲಿ ಪಹಣಿ ತೆಗೆದು ನೋಡಬಹುದು. ಸೈಟು, ಮನೆಯಾದರೆ ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಲಾಗಿನ್ ಆಗಿ ಋಣಭಾರ ಪತ್ರಕ್ಕೆ ಅರ್ಜಿ ಹಾಕಬೇಕು.

ಈ ಸೇವೆಯ ದೊಡ್ಡ ಕೊರತೆ ತಾಂತ್ರಿಕವಾದದ್ದಲ್ಲ. ಅಫಿಡವಿಟ್‌ನಲ್ಲಿ ಬರೆದದ್ದು ನಿಜವೋ ಸುಳ್ಳೋ ಎಂದು ಚುನಾವಣಾಧಿಕಾರಿ ಪರಿಶೀಲಿಸುವುದಿಲ್ಲ, ಪರಿಶೀಲಿಸುವ ಅಧಿಕಾರವೂ ಅವರಿಗಿಲ್ಲ. ಕಾಲಂ ತುಂಬಿದೆಯೇ, ಸಹಿ ಇದೆಯೇ ಎಂಬುದಷ್ಟೇ ಅವರ ಕೆಲಸ. ಸುಳ್ಳು ಬರೆದರೆ ಜನಪ್ರಾತಿನಿಧ್ಯ ಕಾಯ್ದೆಯ 125ಎ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಅದಕ್ಕೆ ಯಾರಾದರೂ ಕೋರ್ಟಿಗೆ ಹೋಗಬೇಕು. ಗೆದ್ದವರ ಆಯ್ಕೆಯನ್ನೇ ಪ್ರಶ್ನಿಸುವುದಾದರೆ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಅದರ ವೇಗ ಎಂಥದ್ದೆಂದು ಹಾಸನದವರಿಗೆ ಗೊತ್ತು: 2019ರ ಲೋಕಸಭಾ ಆಯ್ಕೆಯನ್ನು ಅಫಿಡವಿಟ್‌ನಲ್ಲಿ ಆಸ್ತಿ ಮರೆಮಾಚಿದ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಅಸಿಂಧು ಎಂದದ್ದು 2023ರ ಸೆಪ್ಟೆಂಬರ್ 1ರಂದು. ಅದೇ ತಿಂಗಳು ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ಬಂತು, ಅವಧಿಯೂ ಮುಗಿಯಿತು. ಹಾಗಂತ ಪ್ರತಿಯೊಂದು ಬಿಟ್ಟುಹೋದ ಸ್ಕೂಟರಿಗೂ ಆಯ್ಕೆ ರದ್ದಾಗುವುದಿಲ್ಲ. ಬದುಕಿನ ಮಟ್ಟವನ್ನೇ ಬೇರೆಯಾಗಿ ತೋರಿಸುವಂಥ ದೊಡ್ಡ ವಸ್ತುವಾಗಿದ್ದರೆ ಮಾತ್ರ ಅದು ಗಂಭೀರ ಎಂದು 2024ರ ಏಪ್ರಿಲ್‌ನಲ್ಲಿ ಅರುಣಾಚಲದ ಕಾರಿಖೋ ಕ್ರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಪರಾಧ ಹಿನ್ನೆಲೆ ‘ಹೌದು’ ಅಥವಾ ‘ಇಲ್ಲ’ ಎಂದು ತಟ್ಟನೆ ಗೊತ್ತಾಗುತ್ತದೆ, ಮತಗಟ್ಟೆಯ ಸಾಲಿನಲ್ಲಿ ನಿಂತು ನೋಡಲು ಅಷ್ಟು ಸಾಕು. ‘ಹೌದು’ ಎಂಬುದರ ಒಳಗೆ ಏನಿದೆ ಎಂದು ತಿಳಿಯಲು ಮತ್ತೆ ಸ್ಕ್ಯಾನ್ ಕಡತಕ್ಕೇ ಬರಬೇಕು.

ಒಂದು ನಿಜ ಉದಾಹರಣೆ: ನಾಗ್ಪುರ

ನಗರ ಪಾಲಿಕೆಯಿಂದ ಮೇಲೆದ್ದ ಕಾನೂನು ಪದವೀಧರರ ಪೈಕಿ ದೇವೇಂದ್ರ ಫಡಣವೀಸ್ ಅವರಷ್ಟು ಎತ್ತರಕ್ಕೆ ಹೋದವರು ಇತ್ತೀಚೆಗೆ ಕಡಿಮೆ. 1992ರಲ್ಲಿ ನಾಗ್ಪುರದ ಸರ್ಕಾರಿ ಕಾನೂನು ಕಾಲೇಜಿನ ಪದವಿ, ಅದೇ ವರ್ಷ ಪಾಲಿಕೆ ಸದಸ್ಯ ಸ್ಥಾನ, 1997ರಲ್ಲಿ 27ರ ಪ್ರಾಯದಲ್ಲಿ ಮೇಯರ್, 1999ರಲ್ಲಿ ಶಾಸಕ, 2014ರ ಅಕ್ಟೋಬರ್ 31ರಂದು ಮಹಾರಾಷ್ಟ್ರದ ಮುಖ್ಯಮಂತ್ರಿ. ಈ ಸೇವೆಗಳನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಮಾದರಿ ಸಿಗದು.

ಪರೀಕ್ಷೆಯಲ್ಲಿ ಮೊದಲು ಕಾಣುವುದು ದೊಡ್ಡ ತೂತು. ಪಾಲಿಕೆ ಸದಸ್ಯ, ಮೇಯರ್, ಮೊದಲ ಸಲದ ಶಾಸಕ: ಈ ಮೂರು ಮೆಟ್ಟಿಲೂ ಅಫಿಡವಿಟ್ ಪದ್ಧತಿ ಬರುವುದಕ್ಕೆ ಮೊದಲಿನವು. ಹಾಗಾಗಿ ರಾಜಕಾರಣಿ ರೂಪುಗೊಂಡ ವರ್ಷಗಳೇ ಕಡತದಲ್ಲಿಲ್ಲ. ಐವತ್ತು ದಾಟಿದ ಯಾವ ನಗರ ರಾಜಕಾರಣಿಯನ್ನು ತೆಗೆದುಕೊಂಡರೂ ಇದೇ ಕತೆ.

ಎರಡನೆಯದು ಇನ್ನೂ ಸೂಕ್ಷ್ಮ. 1990ರ ದಶಕದ ಎರಡು ಖಾಸಗಿ ದೂರುಗಳನ್ನು 2014ರ ಅಫಿಡವಿಟ್‌ನಲ್ಲಿ ಹೇಳಿರಲಿಲ್ಲ ಎಂಬ ತಕರಾರು ಎದ್ದಿತು. ಕೋರ್ಟು ಆ ದೂರುಗಳನ್ನು ವಿಚಾರಣೆಗೆ ಅಂಗೀಕರಿಸಿತ್ತು, ಆದರೆ ದೋಷಾರೋಪ ಹೊರಿಸಿರಲಿಲ್ಲ. ಜನಪ್ರಾತಿನಿಧ್ಯ ಕಾಯ್ದೆಯ 33ಎ ಸೆಕ್ಷನ್ ಕೇಳುವುದು ದೋಷಾರೋಪ ಹೊರಿಸಿದ ಪ್ರಕರಣವನ್ನು, ಅಫಿಡವಿಟ್ ನಮೂನೆ ಕೇಳುವುದು ಅದಕ್ಕಿಂತ ಹೆಚ್ಚನ್ನು. 2019ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್, ವಿಚಾರಣೆಗೆ ಅಂಗೀಕರಿಸಿದ ಪ್ರಕರಣವನ್ನೂ ಹೇಳಲೇಬೇಕು ಎಂದು ಸ್ಪಷ್ಟಪಡಿಸಿ ಪ್ರಕರಣವನ್ನು ಕೆಳ ಕೋರ್ಟಿಗೆ ಕಳಿಸಿತು. 2023ರ ಸೆಪ್ಟೆಂಬರ್‌ನಲ್ಲಿ ನಾಗ್ಪುರದ ಮ್ಯಾಜಿಸ್ಟ್ರೇಟ್ ಕೋರ್ಟ್ ಅವರನ್ನು ಖುಲಾಸೆ ಮಾಡಿತು. ಕಾನೂನು ಓದಿದವರ ಅಫಿಡವಿಟ್‌ನಲ್ಲೇ ಈ ಗೊಂದಲ ಬರಬಹುದಾದರೆ ಉಳಿದವರದ್ದನ್ನು ಕೇಳಬೇಕೆ? ಓದುಗರಿಗೆ ಇದರಿಂದ ಸಿಗುವ ಉಪಯೋಗ ಇಷ್ಟು: ‘ಕೇಸು ಇಲ್ಲ’ ಎಂದು ಬರೆದಿದ್ದರೆ ಅದನ್ನು ‘ಅಭ್ಯರ್ಥಿಯ ಪ್ರಕಾರ ಕೇಸು ಇಲ್ಲ’ ಎಂದು ಓದಿಕೊಳ್ಳಿ. ಖಾಸಗಿ ದೂರಿನಲ್ಲಿ ಪೊಲೀಸ್ ಠಾಣೆಯ ಎಫ್‌ಐಆರ್ ಇರಲೇಬೇಕೆಂದಿಲ್ಲ, ತಪ್ಪಿಹೋಗುವುದು ಅಂಥವೇ.

ಮೈನೇತಾ

ಸ್ಕ್ಯಾನ್ ಕಡತದ ಕೈಬರಹ ಓದಿ ಕಣ್ಣು ನೋಯಿಸಿಕೊಳ್ಳುವ ಬದಲು ಬಹುತೇಕರು ಬರುವುದು ಇಲ್ಲಿಗೆ. ಆಯೋಗದ ತಾಣದಲ್ಲಿರುವ ಅಫಿಡವಿಟ್‌ಗಳನ್ನು ಎಡಿಆರ್ ಕೋಷ್ಟಕವಾಗಿ ಟೈಪ್ ಮಾಡಿ ಹಾಕುತ್ತದೆ. ಅತ್ಯಂತ ಉಪಯುಕ್ತ ಭಾಗ, ಅದೇ ವ್ಯಕ್ತಿಯ ಹಿಂದಿನ ಚುನಾವಣೆಗಳ ಆಸ್ತಿ ಮತ್ತು ಕೇಸುಗಳನ್ನು ಪಕ್ಕಪಕ್ಕ ತೋರಿಸುವ ಪುಟ್ಟ ಪೆಟ್ಟಿಗೆ. ಆಯೋಗದ ಪೋರ್ಟಲ್‌ನಲ್ಲಿ ಅರ್ಧ ದಿನ ಹಿಡಿಯುವ ಹೋಲಿಕೆ ಇಲ್ಲಿ ಅರ್ಧ ನಿಮಿಷ.

ಆದರೆ ಕೋಷ್ಟಕ ಮಾಡುವಾಗ ಏನು ಸವೆದುಹೋಗುತ್ತದೆ ಎಂದು ತಿಳಿದಿರಬೇಕು. ಎಲ್‌ಎಲ್‌.ಬಿ. ಆದವರು ‘ಗ್ರಾಜುಯೇಟ್ ಪ್ರೊಫೆಷನಲ್’ ಎಂಬ ಗುಂಪಿಗೆ ಹೋಗುತ್ತಾರೆ, ಎಂಜಿನಿಯರು, ಡಾಕ್ಟರರ ಜೊತೆ. ಹಾಗಾಗಿ ‘ವಕೀಲರು ಎಷ್ಟು ಮಂದಿ’ ಎಂದು ಆ ಗುಂಪಿನಿಂದ ಎಣಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ಕಾನೂನು ಮುಗಿಸಿ ಎಂ.ಎ. ಕೂಡ ಮಾಡಿದ್ದರೆ ‘ಪೋಸ್ಟ್ ಗ್ರಾಜುಯೇಟ್’ ಗುಂಪಿನಲ್ಲಿ ಸಿಗುತ್ತಾರೆ. ಪುಟದೊಳಗೆ ಹೋಗಿ ಪದವಿಯ ಸಾಲು ಓದಬೇಕು. ಮೇಲೆ ದೊಡ್ಡ ಅಕ್ಷರದಲ್ಲಿ ಕಾಣುವ ಆಸ್ತಿಯ ಮೊತ್ತ ಅಭ್ಯರ್ಥಿ, ಸಂಗಾತಿ, ಅವಲಂಬಿತರು, ಹಿಂದೂ ಅವಿಭಕ್ತ ಕುಟುಂಬ ಎಲ್ಲವೂ ಸೇರಿದ್ದು. ಸಾಲವನ್ನು ಅದರಿಂದ ಕಳೆದಿರುವುದಿಲ್ಲ, ಅದು ಕೆಳಗೆ ಬೇರೆಯಾಗಿ ಇರುತ್ತದೆ.

ಕೇಸುಗಳ ವಿಷಯದಲ್ಲಿ ‘ಗಂಭೀರ’ ಎಂಬ ಪದ ಇನ್ನೊಂದು ಜಾರುಬಂಡೆ. ಎಡಿಆರ್‌ನ ಮಾನದಂಡದಲ್ಲಿ 5 ವರ್ಷ ಅಥವಾ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧ, ಜಾಮೀನುರಹಿತ ಅಪರಾಧ, ಚುನಾವಣಾ ಲಂಚ, ಬೊಕ್ಕಸಕ್ಕೆ ನಷ್ಟ, ಹಲ್ಲೆ, ಕೊಲೆ, ಮಹಿಳೆಯರ ವಿರುದ್ಧದ ಅಪರಾಧ, ಭ್ರಷ್ಟಾಚಾರ ತಡೆ ಕಾಯ್ದೆ ಇತ್ಯಾದಿ ಬರುತ್ತವೆ. ಜಾಮೀನುರಹಿತ ಎಂಬ ಒಂದು ಮಾತಿನಿಂದ ಐಪಿಸಿ 353, ಅಂದರೆ ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿಪಡಿಸಲು ಬಲಪ್ರಯೋಗ, ಗರಿಷ್ಠ ಶಿಕ್ಷೆ ಎರಡೇ ವರ್ಷವಾದರೂ ಗಂಭೀರದ ಪಟ್ಟಿಗೆ ಸೇರುತ್ತದೆ. ಪಾಲಿಕೆ ಕಚೇರಿ ಮುಂದೆ ಧರಣಿ ಕೂತು ಪೊಲೀಸರ ಜೊತೆ ತಳ್ಳಾಟವಾದರೆ ಬೀಳುವುದು ಇದೇ ಸೆಕ್ಷನ್. ನಗರದಲ್ಲಿ ಹೋರಾಟ ಮಾಡಿ ಬಂದವರ ಕಡತದಲ್ಲಿ 143, 147, 149, 188, 341, 353 ಒಟ್ಟೊಟ್ಟಿಗೆ ಕಂಡರೆ ಅದು ಪ್ರತಿಭಟನೆ ಕೇಸಿನ ಮುಖ. ಅದೇ 420, 465, 468, 471 ಮತ್ತು 120ಬಿ ಒಟ್ಟಿಗೆ ಬಂದರೆ ಕಾಗದಪತ್ರದ ವ್ಯವಹಾರ: ವಂಚನೆ, ನಕಲಿ ದಾಖಲೆ, ಒಳಸಂಚು. ವಕೀಲರಾಗಿದ್ದವರ ಹೆಸರಿನ ಮುಂದೆ ಈ ಎರಡನೇ ಗುಂಪು ಕಂಡರೆ ನಿಂತು ಓದಿ. ನಿವೇಶನ ವ್ಯಾಜ್ಯದಲ್ಲಿ ಕಕ್ಷಿದಾರರ ಜೊತೆ ವಕೀಲರನ್ನೂ ಸೇರಿಸಿ ದೂರು ಕೊಡುವ ಚಾಳಿಯೂ ಇದೆ, ನಿಜವಾಗಿಯೂ ಕೈಯಾಡಿಸಿದವರೂ ಇದ್ದಾರೆ. ಸಂಖ್ಯೆ ನೋಡಿ ಇದನ್ನು ಹೇಳಲಾಗದು.

2024ರ ಜುಲೈ 1ರ ನಂತರದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆಯ ಸಂಖ್ಯೆಗಳು ಬರುತ್ತವೆ: 420 ಇದ್ದದ್ದು 318(4), 353 ಇದ್ದದ್ದು 132, 188 ಇದ್ದದ್ದು 223, ಮಾನನಷ್ಟದ 500 ಇದ್ದದ್ದು 356. ಹಳೆ ಅಫಿಡವಿಟ್ ಜೊತೆ ಹೋಲಿಸುವಾಗ ಈ ಕೋಷ್ಟಕ ಪಕ್ಕದಲ್ಲಿರಲಿ.

ಕಾರ್ಪೊರೇಟರ್‌ಗಳ ಮಟ್ಟಕ್ಕೆ ಇಳಿದರೆ ಮೈನೇತಾ ತೆಳುವಾಗುತ್ತದೆ. ಮುಂಬೈ, ದೆಹಲಿ ಪಾಲಿಕೆಗಳಂಥ ಕೆಲವು ಚುನಾವಣೆಗಳ ಮಾಹಿತಿ ಚೆನ್ನಾಗಿದೆ. ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಸುವುದು ಆಯಾ ರಾಜ್ಯ ಚುನಾವಣಾ ಆಯೋಗ, ಹಾಗಾಗಿ ಆ ಅಫಿಡವಿಟ್‌ಗಳು ಕೇಂದ್ರ ಆಯೋಗದ ಪೋರ್ಟಲ್‌ನಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಮಟ್ಟಿಗೆ ಇನ್ನೊಂದು ಪೇಚು: ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್ 22ರಂದು, 198 ವಾರ್ಡುಗಳಿಗೆ. ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು, ಊರು ಐದು ಪಾಲಿಕೆಗಳಾಗಿ ಒಡೆದದ್ದು 2025ರ ಸೆಪ್ಟೆಂಬರ್‌ನಲ್ಲಿ. ‘ಮಾಜಿ ಕಾರ್ಪೊರೇಟರ್’ ಎಂದು ಬೋರ್ಡು ಹಾಕಿಕೊಂಡವರ ಕೊನೆಯ ಅಫಿಡವಿಟ್ 2015ರದ್ದು. ಆಗಿನ ಆಸ್ತಿಯನ್ನು ಈಗಿನದಕ್ಕೆ ಹೋಲಿಸುವಾಗ ನಡುವಿನ ವರ್ಷಗಳಿಗೆ ಮಧ್ಯದ ಮೆಟ್ಟಿಲೇ ಇಲ್ಲ.

ಇ-ಕೋರ್ಟ್ಸ್

ಈ ನಾಲ್ಕರಲ್ಲಿ ನನ್ನ ಮೆಚ್ಚಿನದು ಇದೇ, ಬಳಸಲು ಅತಿ ಕಷ್ಟವಾದದ್ದೂ ಇದೇ. ಸಾಮಾನ್ಯವಾಗಿ ಎಲ್ಲರೂ ಮಾಡುವ ತಪ್ಪು ಹೆಸರಿನಿಂದ ಹುಡುಕುವುದು. ಹೆಸರಿನ ಜೊತೆ ವರ್ಷವೂ ಕೊಡಬೇಕು, ಜಿಲ್ಲೆ ಮತ್ತು ಕೋರ್ಟ್ ಸಂಕೀರ್ಣ ಆರಿಸಬೇಕು, ಪ್ರತಿ ಸಲ ಕ್ಯಾಪ್ಚಾ ತುಂಬಬೇಕು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿಗೆ ಲೆಕ್ಕವಿಲ್ಲ: ‘ಗೌಡ’ದಲ್ಲಿ ಒಬ್ಬರು ಡಬ್ಲ್ಯು ಹಾಕಿದರೆ ಇನ್ನೊಬ್ಬರು ಯು ಹಾಕುತ್ತಾರೆ, ‘ಮಂಜುನಾಥ’ದ ಕೊನೆಗೆ ಎ ಇದ್ದರೂ ಇರಬಹುದು, ಇನಿಷಿಯಲ್ ಹೆಸರಿನ ಹಿಂದೆಯೋ ಮುಂದೆಯೋ ದೇವರೇ ಬಲ್ಲ. ಮೊದಲ ಆರೋಪಿಯ ಹೆಸರನ್ನಷ್ಟೇ ನಮೂದಿಸಿ ಉಳಿದವರನ್ನು ‘ಮತ್ತು ಇತರರು’ ಎಂದು ಬಿಟ್ಟಿದ್ದರೆ ಹೆಸರಿನಿಂದ ಏನೂ ಸಿಗುವುದಿಲ್ಲ.

ಸರಿಯಾದ ದಾರಿ ಬೇರೆ. ಅಫಿಡವಿಟ್‌ನ 5ನೇ ಅಂಶದಲ್ಲಿ ಎಫ್‌ಐಆರ್ ಸಂಖ್ಯೆ, ಠಾಣೆ, ಕೇಸಿನ ಸಂಖ್ಯೆ, ಕೋರ್ಟು ಎಲ್ಲ ಇರುತ್ತವೆ. ಇ-ಕೋರ್ಟ್ಸ್‌ನಲ್ಲಿ ಎಫ್‌ಐಆರ್ ಸಂಖ್ಯೆಯಿಂದ ಹುಡುಕುವ ಸೌಲಭ್ಯ ಇದೆ: ಠಾಣೆ ಆರಿಸಿ, ಸಂಖ್ಯೆ ಮತ್ತು ವರ್ಷ ಹಾಕಿ. ಕೇಸು ಸಿಕ್ಕ ಕೂಡಲೇ ಅದರ ಸಿಎನ್‌ಆರ್, ಅಂದರೆ ಆ ಕೇಸಿಗಷ್ಟೇ ಇರುವ ಗುರುತಿನ ಸಂಖ್ಯೆ, ಬರೆದಿಟ್ಟುಕೊಳ್ಳಿ. ಅದು 16 ಅಕ್ಷರ-ಅಂಕಿಗಳದ್ದು: ಮೊದಲು ರಾಜ್ಯ ಮತ್ತು ಜಿಲ್ಲೆಯ ಗುರುತು, ಆಮೇಲೆ ಕೋರ್ಟಿನದು, ಆಮೇಲೆ ಕ್ರಮಸಂಖ್ಯೆ, ಕೊನೆಯ ನಾಲ್ಕು ಅಂಕಿ ವರ್ಷ. ಬೆಂಗಳೂರು ನಗರದವು ಕೆಎಬಿಸಿ ಎಂದು, ರಾಜ್ಯ ಹೈಕೋರ್ಟಿನವು ಕೆಎಎಚ್‌ಸಿ ಎಂದು ಶುರುವಾಗುತ್ತವೆ. ಸಿಎನ್‌ಆರ್ ಒಂದಿದ್ದರೆ ಮುಂದೆ ಹೆಸರಿನ ಕಾಟವಿಲ್ಲ, ಆ್ಯಪ್‌ನಲ್ಲಿ ಉಳಿಸಿಕೊಂಡು ಪ್ರತಿ ಮುದ್ದತನ್ನೂ ನೋಡಬಹುದು.

ಯಾವ ಕೋರ್ಟಿನಲ್ಲಿ ಹುಡುಕಬೇಕು ಎಂಬುದರಲ್ಲೂ ಒಂದು ಗುಟ್ಟಿದೆ. ಹಾಲಿ, ಮಾಜಿ ಸಂಸದರು ಮತ್ತು ಶಾಸಕರ ಪ್ರಕರಣಗಳು ಬೆಂಗಳೂರಿನ ವಿಶೇಷ ನ್ಯಾಯಾಲಯಗಳಿಗೆ ಬರುತ್ತವೆ: ಮ್ಯಾಜಿಸ್ಟ್ರೇಟ್ ಹಂತದ್ದು 42ನೇ ಎಸಿಎಂಎಂ (ಹೆಚ್ಚುವರಿ ಮುಖ್ಯ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟ್), ಸೆಷನ್ಸ್ ಹಂತದ್ದು 81ನೇ ಹೆಚ್ಚುವರಿ ಸಿಟಿ ಸಿವಿಲ್ ಮತ್ತು ಸೆಷನ್ಸ್. ಕಾರ್ಪೊರೇಟರ್ ಆಗಿದ್ದಾಗ ಬಿದ್ದ ಕೇಸು ಮಾಮೂಲಿ ಕೋರ್ಟಿನಲ್ಲಿರುತ್ತದೆ. ಅವರು ಶಾಸಕರಾದ ಮೇಲೆ ಅದು ವಿಶೇಷ ಕೋರ್ಟಿಗೆ ವರ್ಗವಾದರೆ ಹೊಸ ಸಂಖ್ಯೆ ಬರುತ್ತದೆ, ಹಳೆ ಸಂಖ್ಯೆ ‘ವಿಲೇವಾರಿ’ ಎಂದು ತೋರಿಸುತ್ತದೆ. ಇದನ್ನು ಖುಲಾಸೆ ಎಂದು ಓದಿ ಮೋಸಹೋಗಬೇಡಿ. ವಿಲೇವಾರಿಯ ಬಗೆ ಏನೆಂದು ಕೆಳಗಿನ ಸಾಲಿನಲ್ಲಿ ಇರುತ್ತದೆ. ಹೈಕೋರ್ಟು ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ 482ನೇ ಸೆಕ್ಷನ್ ಅಡಿ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 528ರ ಅಡಿ, ಕೇಸನ್ನೇ ರದ್ದು ಮಾಡಿರಬಹುದು ಅಥವಾ ತಡೆ ಕೊಟ್ಟಿರಬಹುದು. ಅದಕ್ಕೆ ಹೈಕೋರ್ಟಿನ ತಾಣದಲ್ಲಿ ಬೇರೆಯಾಗಿ ನೋಡಬೇಕು.

ಇನ್ನು ವಕೀಲಿಕೆಯ ಪರೀಕ್ಷೆ. ಇ-ಕೋರ್ಟ್ಸ್‌ನಲ್ಲಿ ವಕೀಲರ ಹೆಸರು ಅಥವಾ ಬಾರ್ ನೋಂದಣಿ ಸಂಖ್ಯೆಯಿಂದಲೂ ಹುಡುಕಬಹುದು. ಕರ್ನಾಟಕದ್ದಾದರೆ ಕೆಎಆರ್, ಒಂದು ಸಂಖ್ಯೆ, ವರ್ಷ ಈ ಮಾದರಿಯಲ್ಲಿರುತ್ತದೆ. ಯಾವ ಬಗೆಯ ಕೇಸು ನಡೆಸುತ್ತಿದ್ದರು ಎಂಬುದು ಇದರಿಂದ ಕಾಣುತ್ತದೆ: ಜಮೀನು ವಿಭಾಗದ ಮೂಲ ದಾವೆಗಳೇ, ಚೆಕ್ ಬೌನ್ಸೇ, ಪಾಲಿಕೆಯ ವಿರುದ್ಧವೇ, ಪಾಲಿಕೆಯ ಪರವೇ. ಈ ಕೊನೆಯದು ಬಹಳ ಬೆಲೆಯುಳ್ಳ ಮಾಹಿತಿ, ಕರಪತ್ರದಲ್ಲಿ ಎಂದೂ ಬರದಂಥದ್ದು. ಆದರೆ ಏನೂ ಸಿಗದಿದ್ದರೆ ವಕೀಲಿಕೆಯೇ ಮಾಡಿಲ್ಲ ಎನ್ನುವಂತಿಲ್ಲ. ಹಿರಿಯ ವಕೀಲ ಎಂಬ ಪದವಿ ಪಡೆದವರು ವಕಾಲತ್ತು ಹಾಕುವಂತೆಯೇ ಇಲ್ಲ, ಅವರ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ. ದೊಡ್ಡ ಕಚೇರಿಯ ಕಿರಿಯರ ಹೆಸರೂ ಹಾಗೆಯೇ ಹಿರಿಯರ ನೆರಳಿನಲ್ಲಿ ಉಳಿಯುತ್ತದೆ. ಕಂಪ್ಯೂಟರು ಬರುವ ಮೊದಲಿನ ಹಳೆ ಕೇಸುಗಳೆಲ್ಲ ಏರಿಲ್ಲ.

ವಕೀಲರ ಪರಿಷತ್ತು

ಎಲ್‌ಎಲ್‌.ಬಿ. ಎಂದರೆ ವಕೀಲ ಅಲ್ಲ. ವಕೀಲರ ಕಾಯ್ದೆ 1961ರ 24ನೇ ಸೆಕ್ಷನ್ ಪ್ರಕಾರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡರೇ ವಕೀಲ. 2009-10ರಿಂದೀಚೆಗೆ ಕಾನೂನು ಪದವಿ ಮುಗಿಸಿದವರು ಅಖಿಲ ಭಾರತ ಬಾರ್ ಪರೀಕ್ಷೆಯನ್ನೂ ಪಾಸು ಮಾಡಬೇಕು. ನೋಂದಣಿ ಸಂಖ್ಯೆಯಲ್ಲಿರುವ ವರ್ಷವನ್ನು ಅಫಿಡವಿಟ್‌ನ ಪದವಿ ವರ್ಷದ ಪಕ್ಕ ಇಡಿ, ‘30 ವರ್ಷದ ವಕೀಲಿ ಅನುಭವ’ ಎಂಬ ಮಾತು ನಿಂತರೆ ನಿಲ್ಲಲಿ.

ಶಾಸಕರಾದ ಮೇಲೂ ಕೋರ್ಟಿಗೆ ಹೋಗಬಹುದೇ ಎಂಬ ಪ್ರಶ್ನೆ ಪದೇಪದೇ ಬರುತ್ತದೆ. ಹೋಗಬಹುದು. ಪೂರ್ಣಾವಧಿ ಸಂಬಳದ ನೌಕರರು ವಕೀಲಿಕೆ ಮಾಡುವಂತಿಲ್ಲ ಎಂಬ ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ ಸಂಸದರು, ಶಾಸಕರಿಗೆ ತಗಲುವುದಿಲ್ಲ ಎಂದು 2018ರ ಸೆಪ್ಟೆಂಬರ್ 25ರಂದು ಸುಪ್ರೀಂ ಕೋರ್ಟ್ ಹೇಳಿದೆ.

ಎಲ್ಲ ಸೇವೆಗಳೂ ಸೋಲುವ ಜಾಗ

ಆಸ್ತಿ ಗೊತ್ತಾಯಿತು, ಕೇಸು ಗೊತ್ತಾಯಿತು, ಕೋಟು ಗೊತ್ತಾಯಿತು. ಕೌನ್ಸಿಲಿನಲ್ಲಿ ಅವರು ಮಾಡಿದ್ದೇನು? ಸಂಸದರಾದರೆ ಶಾಸನಸಭೆಗಳ ಕೆಲಸವನ್ನು ದಾಖಲಿಸುವ ಪಿಆರ್‌ಎಸ್ ಸಂಸ್ಥೆಯ ತಾಣದಲ್ಲಿ ಹಾಜರಿ, ಕೇಳಿದ ಪ್ರಶ್ನೆ, ಭಾಗವಹಿಸಿದ ಚರ್ಚೆ ಸಿಗುತ್ತವೆ. ಕಾರ್ಪೊರೇಟರ್‌ಗಳಿಗೆ ಅಂಥದ್ದೊಂದು ಸೇವೆ ಇಲ್ಲ. ಎಲ್ಲ ಸಭೆಗಳಿಗಿಂತ ನಮ್ಮ ಮನೆಗೆ ಹತ್ತಿರ ಇರುವ ಸಭೆಯ ಬಗ್ಗೆಯೇ ಮಾಹಿತಿ ಅತಿ ಕಡಿಮೆ.

ಉಳಿದಿರುವ ದಾರಿ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಪ್ರತಿ ಪುಟದ ನಕಲಿಗೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ‘ಇವರ ಸಾಧನೆ ತಿಳಿಸಿ’ ಎಂದು ಕೇಳಿದರೆ ‘ಇಂಥ ಮಾಹಿತಿ ಲಭ್ಯವಿಲ್ಲ’ ಎಂಬ ಒಂದು ಸಾಲು ವಾಪಸ್ ಬರುತ್ತದೆ. ಅಭಿಪ್ರಾಯ ಕೇಳಬಾರದು, ದಾಖಲೆ ಕೇಳಬೇಕು. ಒಂದರಲ್ಲಿ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗಿನ ಕೌನ್ಸಿಲ್ ಸಭೆಗಳ ನಡಾವಳಿ ಮತ್ತು ಹಾಜರಿ ಪುಸ್ತಕದ ದೃಢೀಕೃತ ನಕಲು, ಇನ್ನೊಂದರಲ್ಲಿ ಅವರಿದ್ದ ಸ್ಥಾಯಿ ಸಮಿತಿಯ ನಡಾವಳಿ, ಮೂರನೆಯದರಲ್ಲಿ ಆ ವಾರ್ಡಿನ ಕಾಮಗಾರಿಗಳ ಬಿಲ್ಲು ಪಟ್ಟಿ. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ಸ್ ಕಾಯ್ದೆ 1976ರ ಪ್ರಕಾರ ಪಾಲಿಕೆ ಸದಸ್ಯರು ಮೇಯರ್‌ಗೆ ವರ್ಷವರ್ಷ ಆಸ್ತಿ ವಿವರ ಸಲ್ಲಿಸಬೇಕಿತ್ತು, ಅದರ ನಕಲನ್ನು ನಾಲ್ಕನೆಯ ಅರ್ಜಿಯಲ್ಲಿ ಕೇಳಿ. ನಕಲಿನ ಖರ್ಚು ಮೇಲೇರುವಂತಿದ್ದರೆ ಕಡತ ಪರಿಶೀಲನೆಗೆ ಅವಕಾಶ ಕೇಳಿ, ಮೊದಲ ಗಂಟೆ ಪುಕ್ಕಟೆ.

ಸಮಯದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ನಾಮಪತ್ರ ಹಿಂಪಡೆಯುವ ಕೊನೆಯ ದಿನದಿಂದ ಮತದಾನಕ್ಕೆ ಇರುವುದು ಸುಮಾರು ಎರಡು ವಾರ. ಕೇಸು ಇರುವ ವಿಧಾನಸಭೆ, ಲೋಕಸಭೆ ಅಭ್ಯರ್ಥಿಗಳು ಆ ಅವಧಿಯಲ್ಲೇ ಮೂರು ಸಲ ಪತ್ರಿಕೆ ಮತ್ತು ಟಿವಿಯಲ್ಲಿ ಅದನ್ನು ಪ್ರಕಟಿಸಬೇಕು: ಮೊದಲ 4 ದಿನದೊಳಗೆ ಒಮ್ಮೆ, 5ರಿಂದ 8ನೇ ದಿನದ ನಡುವೆ ಒಮ್ಮೆ, 9ನೇ ದಿನದಿಂದ ಪ್ರಚಾರ ಮುಗಿಯುವುದರೊಳಗೆ ಒಮ್ಮೆ. ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಬರುವಷ್ಟರಲ್ಲಿ ಫಲಿತಾಂಶ ಬಂದಿರುತ್ತದೆ, ಹಾಗಾಗಿ ಅದನ್ನು ಟಿಕೆಟಿನ ಸುದ್ದಿ ಓಡಾಡುವಾಗಲೇ ಹಾಕಿರಬೇಕು. ಅಫಿಡವಿಟ್ ಓದಲು ಒಂದು ಸಂಜೆ, ಮೈನೇತಾಗೆ ಹತ್ತು ನಿಮಿಷ, ಇ-ಕೋರ್ಟ್ಸ್‌ಗೆ ಎರಡು ಸಂಜೆ ಇಟ್ಟುಕೊಳ್ಳಿ. ಸಂಜೆ ಬೇಡವಾದರೆ ಬೆಳಿಗ್ಗೆ ಬೇಗ, ಕೋರ್ಟುಗಳು ತೆರೆದು ವಕೀಲರೆಲ್ಲ ತಮ್ಮ ಮುದ್ದತು ನೋಡಲು ತಾಣಕ್ಕೆ ಮುಗಿಬೀಳುವುದಕ್ಕೆ ಮೊದಲು.